ಮುಂಬಯಿಗೆ ಬಂದ ಕನ್ನಡ ವರದಿಗಾರ ಸಂಪಾದಕನ ಕುರ್ಚಿಗೆ ತಲುಪುವ ದಾರಿ

ಕನ್ನಡದ ಮೊದಲ ಪತ್ರಿಕೆಯ ಸಂಪಾದಕರು ಕನ್ನಡ ನಾಡಿನವರಲ್ಲ. ಜರ್ಮನಿಯಲ್ಲಿ ಹುಟ್ಟಿದ ಹರ್ಮನ್ ಮೋಗ್ಲಿಂಗ್ 1836ರಲ್ಲಿ ಬಾಸೆಲ್ ಮಿಷನ್ನಿನ ಕೆಲಸಕ್ಕೆಂದು ಮಂಗಳೂರಿಗೆ ಬಂದಿಳಿದು, ಊರಿನ ಮಾತು ಕಲಿತು, 7 ವರ್ಷಗಳ ನಂತರ, 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಮುಂಬಯಿಯ ಫೋರ್ಟಿನಲ್ಲಿ ನಾವು ದಿನವೂ ಹಾದುಹೋಗುವ ಹಾರ್ನಿಮನ್ ಸರ್ಕಲ್ಲಿಗೆ ಹೆಸರು ಕೊಟ್ಟ ಬೆಂಜಮಿನ್ ಗೈ ಹಾರ್ನಿಮನ್ ಅವರೂ ಹೊರಗಿನವರೇ. ಇಂಗ್ಲೆಂಡಿನಿಂದ 1906ರಲ್ಲಿ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಬಂದ ಅವರು, 1913ರಲ್ಲಿ ಫಿರೋಜ್‌ಷಾ ಮೆಹ್ತಾ ಅವರ ‘ಬಾಂಬೆ ಕ್ರಾನಿಕಲ್’ನ ಸಂಪಾದಕರಾದರು, ಸರ್ಕಾರಕ್ಕೆ ಹಿಡಿಸದ್ದನ್ನು ಬರೆದದ್ದಕ್ಕಾಗಿ 1919ರ ಏಪ್ರಿಲ್‌ನಲ್ಲಿ ಗಡೀಪಾರಾದರು, 1926ರಲ್ಲಿ ಮತ್ತೆ ಇದೇ ಊರಿಗೆ ಮರಳಿದರು. ನಮ್ಮ ಉಡುಪಿಯಲ್ಲಿ 1921ರಲ್ಲಿ ಹುಟ್ಟಿದ ಎಂ. ವಿ. ಕಾಮತ್ ಅವರು ಮುಂಬಯಿಯಲ್ಲಿ ಮೊದಲು ರಸಾಯನ ಶಾಸ್ತ್ರಜ್ಞರಾಗಿ ದುಡಿದು, 1946ರಲ್ಲಿ ‘ಫ್ರೀ ಪ್ರೆಸ್ ಜರ್ನಲ್’ನಲ್ಲಿ ವರದಿಗಾರರಾಗಿ ಸೇರಿ, ಅದೇ ಸಮೂಹದ ‘ಭಾರತ್ ಜ್ಯೋತಿ’ಯ ಸಂಪಾದಕರಾಗಿ, ಆಮೇಲೆ ವಿದೇಶಗಳಲ್ಲಿ ಬಾತ್ಮೀದಾರರಾಗಿ ಕೆಲಸ ಮಾಡಿ, 1978ರಲ್ಲಿ ‘ಇಲಸ್ಟ್ರೇಟೆಡ್ ವೀಕ್ಲಿ’ಯ ಸಂಪಾದಕರ ಕುರ್ಚಿಯಲ್ಲಿ ಕುಳಿತರು.

ಈ ಬರಹ ಅಂಥ ದೊಡ್ಡವರಿಗಾಗಿ ಅಲ್ಲ. ಉಡುಪಿ, ಕುಂದಾಪುರ, ಕಾರವಾರ, ವಿಜಯಪುರ, ಕಲಬುರಗಿ ಕಡೆಯಿಂದ ಎರಡು ಮೂರು ವರ್ಷಗಳ ಜಿಲ್ಲಾ ವರದಿಗಾರಿಕೆಯ ಅನುಭವ ಹೊತ್ತು ಮುಂಬಯಿಯ ಕನ್ನಡ ಪತ್ರಿಕೆಯೊಂದಕ್ಕೆ ಸೇರಿರುವ, ಅಥವಾ ಸೇರಲು ಹೊರಟಿರುವ ತರುಣ ತರುಣಿಯರಿಗಾಗಿ. ನಾನೂ ಹಾಗೆಯೇ ಬಂದವನು. ನನ್ನ ಅನುಭವದ ಮಟ್ಟಿಗೆ ಸಂಪಾದಕನ ಕುರ್ಚಿಗೆ ಹೋಗುವ ದಾರಿ ಡೆಸ್ಕನ್ನು, ಅಂದರೆ ಬಂದ ಸುದ್ದಿಗಳನ್ನು ತಿದ್ದಿ ಪುಟಕ್ಕೆ ಸಿದ್ಧಪಡಿಸುವ ವಿಭಾಗವನ್ನು, ಹಾದೇ ಹೋಗುತ್ತದೆ. ಹೆಸರಿನೊಂದಿಗೆ ಅಚ್ಚಾದ ವರದಿಗಳ ಕಡತ ಎಷ್ಟೇ ದಪ್ಪವಾಗಿರಲಿ, ಬೇರೆಯವರ ಬರಹವನ್ನು ರಾತ್ರಿ ಹೊತ್ತು ಕೂತು ತಿದ್ದದವರನ್ನು ಆ ಕುರ್ಚಿಯಲ್ಲಿ ಕೂರಿಸಿದಾಗ ಪತ್ರಿಕೆ ಬಳಲಿದ್ದನ್ನೇ ನಾನು ಕಂಡಿದ್ದೇನೆ.

ಆದರೂ ಮೊದಲ ವರ್ಷ ಹೊರಗೆ ತಿರುಗಿ. ನಗರವನ್ನು ಅರಿಯದೆ ಡೆಸ್ಕಿಗೆ ಕೂತವರು ಏನನ್ನು ತಿದ್ದಬೇಕೆಂದೇ ತಿಳಿಯದೆ ಕಾಗುಣಿತ ಮಾತ್ರ ತಿದ್ದುತ್ತಾರೆ. ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಕಾಣುವ ಊರನ್ನೆಲ್ಲ ಒಂದೇ ಮುಂಬಯಿ ಎಂದುಕೊಳ್ಳುವುದು. ನಮ್ಮ ಓದುಗರಲ್ಲಿ ಬಹಳಷ್ಟು ಜನ ಇರುವ ಡೊಂಬಿವಲಿ, ಠಾಣೆ, ಮೀರಾ ರೋಡ್, ನಾಲಾಸೋಪಾರ, ನೆರೂಳ್ ಯಾವುದೂ ಬೃಹನ್ಮುಂಬಯಿ ಮಹಾನಗರ ಪಾಲಿಕೆಗೆ ಸೇರಿಲ್ಲ. ಕಲ್ಯಾಣ್-ಡೊಂಬಿವಲಿ, ಠಾಣೆ, ಮೀರಾ-ಭಾಯಂದರ್, ವಸಾಯಿ-ವಿರಾರ್, ನವಿ ಮುಂಬಯಿ ಇವೆಲ್ಲ ಬೇರೆ ಬೇರೆ ಪಾಲಿಕೆಗಳು, ಬೇರೆ ಆಯುಕ್ತರು. ಪೊಲೀಸ್ ಆಯುಕ್ತಾಲಯಗಳೂ ಒಂದೇ ಅಲ್ಲ. ಡೊಂಬಿವಲಿಯ ರಸ್ತೆ ಗುಂಡಿಗೆ ಮುಂಬಯಿಯ ಮೇಯರ್ ಉತ್ತರ ಕೊಡಬೇಕೆಂದು ಬರೆದ ಸಂಪಾದಕೀಯವನ್ನು ಓದಿ ಡೊಂಬಿವಲಿಯ ಓದುಗರು ನಗುತ್ತಾರೆ. ಒಮ್ಮೆ ನಕ್ಕವರು ಮುಂದೆ ನಿಮ್ಮ ಗಂಭೀರ ಬರಹಕ್ಕೂ ನಗುತ್ತಾರೆ.

ಹೀಗಾಗಿ ಮೊದಲ ಆರು ತಿಂಗಳೊಳಗೆ ಕೆಲವು ಜಾಗಗಳಿಗೆ ಕಾಲು ತಾನಾಗಿಯೇ ಹೋಗುವಂತಾಗಬೇಕು. ಸಿಎಸ್‌ಎಂಟಿ ರೈಲು ನಿಲ್ದಾಣದ ಎದುರಿನ ಪಾಲಿಕೆಯ ಮುಖ್ಯ ಕಚೇರಿ, ಅದರ 227 ನಗರಸೇವಕರು (ಚುನಾಯಿತ ಸದಸ್ಯರು) ಕೂರುವ ಸಭಾಗೃಹ, ಇಂಗ್ಲಿಷ್ ಅಕ್ಷರಗಳಿಂದ ಗುರುತಿಸುವ ವಾರ್ಡ್ ಕಚೇರಿಗಳು, ನರಿಮನ್ ಪಾಯಿಂಟಿನ ಬಳಿ ರಾಜ್ಯ ಸರ್ಕಾರದ ಸಚಿವಾಲಯವಾದ ಮಂತ್ರಾಲಯ, ಪತ್ರಿಕಾಗೋಷ್ಠಿಗಳು ನಡೆಯುವ ಆಜಾದ್ ಮೈದಾನದ ಅಂಚಿನ ಪತ್ರಕಾರ ಸಂಘ, ಪರೇಲಿನ ಕೆಇಎಂ ಮತ್ತು ಸಾಯನ್ ಆಸ್ಪತ್ರೆಗಳು. ರೈಲಿನ ಸುದ್ದಿಗೆ ಪಶ್ಚಿಮ ರೈಲ್ವೆಯವರು ಚರ್ಚ್‌ಗೇಟಿನಲ್ಲಿ, ಮಧ್ಯ ರೈಲ್ವೆಯವರು ಸಿಎಸ್‌ಎಂಟಿಯಲ್ಲಿ ಇರುತ್ತಾರೆ. ಹಳಿಯ ಮೇಲೆ ನಡೆದ ಸಾವಿನ ದೂರು ಹತ್ತಿರದ ಪೊಲೀಸ್ ಠಾಣೆಯಲ್ಲಿ ದಾಖಲಾಗುವುದಿಲ್ಲ, ರೈಲ್ವೆ ಪೊಲೀಸರಲ್ಲಿ ದಾಖಲಾಗುತ್ತದೆ. ಇದನ್ನು ತಿಳಿಯದೆ ನಾನು ಮೊದಲ ಮಳೆಗಾಲದಲ್ಲಿ ಒಂದು ಇಡೀ ಮಧ್ಯಾಹ್ನವನ್ನು ತಪ್ಪು ಠಾಣೆಯ ಬೆಂಚಿನ ಮೇಲೆ ಕಳೆದೆ.

ನಮ್ಮವರ ನಕ್ಷೆಯನ್ನೂ ಬೇರೆಯಾಗಿ ಕಲಿಯಬೇಕು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಮತ್ತು ಕರ್ನಾಟಕ ಸಂಘ, ಕುರ್ಲಾದ ಬಂಟರ ಸಂಘ, ಸಾಂತಾಕ್ರೂಜಿನ ಬಿಲ್ಲವರ ಭವನ, ವಡಾಲದ ನ್ಯಾಷನಲ್ ಕನ್ನಡ ಎಜುಕೇಷನ್ ಸೊಸೈಟಿಯ ಎನ್‌ಕೆಇಎಸ್ ಶಾಲೆ, ಕಲೀನಾ ಕ್ಯಾಂಪಸ್ಸಿನ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇವು ಸುದ್ದಿಯ ಮೂಲಗಳು ಮಾತ್ರವಲ್ಲ, ನಿಮ್ಮ ಪತ್ರಿಕೆಯ ನೆನಪೂ ಹೌದು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಓದಿದ ತಲೆಮಾರಿನ ಹಿರಿಯರು ಈಗಲೂ ನಮ್ಮ ಅತಿ ಎಚ್ಚರದ ಓದುಗರು. ಒಂದು ಒತ್ತಕ್ಷರ ತಪ್ಪಿದರೆ ಬೆಳಿಗ್ಗೆ ಎಂಟಕ್ಕೆ ಫೋನು ಬರುತ್ತದೆ.

ಮರಾಠಿಯಿಂದ ಕನ್ನಡಕ್ಕೆ: ಡೆಸ್ಕಿನ ಮೊದಲ ಪಾಠ

ಮುಂಬಯಿ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತವರ ಮುಂದೆ ಬರುವ ಸರಕಿನಲ್ಲಿ ಅರ್ಧಕ್ಕರ್ಧ ಮರಾಠಿಯದು. ಪಾಲಿಕೆಯ ಪ್ರಕಟಣೆ, ಪೊಲೀಸರ ಟಿಪ್ಪಣಿ, ಸರ್ಕಾರದ ಆದೇಶ ಎಲ್ಲವೂ ಮರಾಠಿಯಲ್ಲಿ ಬರುತ್ತವೆ. ಲಿಪಿ ಬೇರೆಯಾದರೂ ಶಬ್ದಗಳು ಪರಿಚಿತವಾಗಿ ಕಾಣುವುದರಿಂದ ಹೊಸಬರಿಗೆ ಇದು ಸುಲಭವೆನಿಸುತ್ತದೆ; ಅಪಾಯ ಇರುವುದೂ ಅಲ್ಲಿಯೇ. ಎರಡೂ ಭಾಷೆಗಳು ಸಂಸ್ಕೃತದಿಂದ ಒಂದೇ ಪದವನ್ನು ತೆಗೆದುಕೊಂಡು ಬೇರೆ ಬೇರೆ ಕೆಲಸಕ್ಕೆ ಹಚ್ಚಿವೆ.

‘ಪ್ರವಾಸಿ’ ಎಂಬ ಪದವನ್ನೇ ನೋಡಿ. ಮರಾಠಿಯಲ್ಲಿ ಪ್ರವಾಸಿ ಎಂದರೆ ಪ್ರಯಾಣಿಕ. ಬೆಳಗಿನ ಲೋಕಲ್ಲಿನ ಬಾಗಿಲಲ್ಲಿ ನೇತಾಡುತ್ತ ಕೆಲಸಕ್ಕೆ ಹೋಗುವವನೂ ಪ್ರವಾಸಿಯೇ. ಕನ್ನಡದಲ್ಲಿ ಪ್ರವಾಸಿ ಎಂದರೆ ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಹಂಪಿ ನೋಡಲು ಹೋದವನು. ಹಿಂದಿಯಲ್ಲಿ ಅದೇ ಪದಕ್ಕೆ ವಲಸಿಗ ಎಂಬ ಅರ್ಥ. ಒಂದೇ ಡೆಸ್ಕಿಗೆ ಮೂರೂ ಭಾಷೆಗಳ ಸುದ್ದಿ ಬರುವಾಗ, ರೈಲು ತಡವಾಗಿ ‘ಪ್ರವಾಸಿಗರು’ ಪರದಾಡಿದರೆಂದು ನಾವು ಎಷ್ಟು ಸಲ ಅಚ್ಚು ಹಾಕಿದ್ದೇವೋ ಲೆಕ್ಕವಿಲ್ಲ.

‘ಚೌಕಶಿ’ ಎಂದರೆ ಮರಾಠಿಯಲ್ಲಿ ವಿಚಾರಣೆ, ತನಿಖೆ. ನಮ್ಮ ಕಿವಿಗೆ ಅದು ತರಕಾರಿ ಅಂಗಡಿಯ ಚೌಕಾಸಿ. ‘ಪತ್ರಕಾರ ಪರಿಷದ’ ಪತ್ರಕರ್ತರ ಪರಿಷತ್ತಲ್ಲ, ಪತ್ರಿಕಾಗೋಷ್ಠಿ. ‘ಅಭ್ಯಾಸ ಸಮಿತಿ’ ಅಧ್ಯಯನ ಸಮಿತಿ. ‘ಶಾಸನ’ ಎಂದರೆ ಅಲ್ಲಿ ಸರ್ಕಾರ, ನಮಗೆ ಕಾನೂನು ಅಥವಾ ಕಲ್ಲಿನ ಬರಹ. ‘ಶಾಸನ ನಿರ್ಣಯ’ವನ್ನು ಸರ್ಕಾರಿ ಆದೇಶವೆಂದೇ ಬರೆಯಬೇಕು. ‘ಪುಲಾಖಾಲಿ’ ಎಂದರೆ ಸೇತುವೆಯ ಕೆಳಗೆ. ಹೊಸಬರೊಬ್ಬರು ಸೇತುವೆ ಖಾಲಿಯಾಗಿತ್ತು ಎಂದು ಬರೆದು, ಅಪಘಾತ ಹೇಗಾಯಿತೆಂದು ತಾವೇ ಬೆರಗಾಗಿ ಕೂತಿದ್ದರು. ಕ್ರೀಡಾ ಪುಟದಲ್ಲಿ ‘ಯಜಮಾನ ಸಂಘ’ ಎಂದು ಬಂದರೆ ಅದು ಆತಿಥೇಯ ತಂಡ. ಇದನ್ನು ಹಾಗೇ ಬಿಟ್ಟರೆ ಯಾವುದೋ ಹೋಟೆಲ್ ಮಾಲೀಕರ ಒಕ್ಕೂಟ ಕ್ರಿಕೆಟ್ ಗೆದ್ದಂತೆ ಕಾಣುತ್ತದೆ.

ಇವೆಲ್ಲ ನಗುವ ತಪ್ಪುಗಳು. ನಗಲಾಗದ ತಪ್ಪು ‘ಅನುಮಾನ’ದ್ದು. ಮರಾಠಿಯಲ್ಲಿ ಅನುಮಾನ ಎಂದರೆ ಅಂದಾಜು, ತರ್ಕದಿಂದ ಬಂದ ತೀರ್ಮಾನ, ಕನ್ನಡದಲ್ಲಿ ಸಂಶಯ. ಪೊಲೀಸರು ಕೇವಲ ಸಮಯದ ಬಗ್ಗೆ ಒಂದು ಅಂದಾಜು ಹೇಳಿದ್ದನ್ನು, ಮನೆಯವರ ಮೇಲೆ ಅನುಮಾನ ಎಂಬಂತೆ ಕನ್ನಡಕ್ಕೆ ತಂದರೆ ಒಂದು ಕುಟುಂಬ ಕಟ್ಟಡದಲ್ಲಿ ತಲೆಯೆತ್ತಿ ನಡೆಯುವಂತಿಲ್ಲ. ನಾನು ಡೆಸ್ಕಿಗೆ ಬಂದ ಹೊಸತರಲ್ಲಿ ಇಂಥ ಶಬ್ದಗಳನ್ನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಡಲು ಶುರು ಮಾಡಿದೆ. ಆ ಪುಸ್ತಕ ಮುಂದೆ ಇಡೀ ಡೆಸ್ಕಿನ ಆಸ್ತಿಯಾಯಿತು. ನನ್ನನ್ನು ರಾತ್ರಿ ಪಾಳಿಯ ಹೊಣೆಗೆ ಮೊದಲು ಆಯ್ದದ್ದು ಆ ನೋಟ್‌ಬುಕ್ಕಿನ ಕಾರಣಕ್ಕೇ ಹೊರತು ನಾನು ಬರೆದ ಯಾವ ಮುಖಪುಟ ವರದಿಗಾಗಿಯೂ ಅಲ್ಲ. ನೀವೂ ಒಂದನ್ನು ಇಡಿ. ಬೇರೆಯವರ ಪಟ್ಟಿ ತೆಗೆದುಕೊಂಡರೆ ನೆನಪಿನಲ್ಲಿ ಉಳಿಯುವುದಿಲ್ಲ.

ಪುಟ ಕಟ್ಟುವ ಕೆಲಸವನ್ನು ವಿನ್ಯಾಸಕಾರರಿಗೆ ಬಿಟ್ಟು ಕೂರಬೇಡಿ ಎಂದು ಮಾತ್ರ ಇಲ್ಲಿ ಹೇಳಿ ಮುಂದೆ ಹೋಗುತ್ತೇನೆ. ಪುಣೆಯಲ್ಲೇ ಸಿದ್ಧವಾದ ಶ್ರೀಲಿಪಿ ತಂತ್ರಾಂಶದ ಹಳೆಯ ಅಕ್ಷರಗಳು ಯೂನಿಕೋಡಿಗೆ ಬದಲಾಗುವಾಗ ಅರ್ಕಾವತ್ತು ಎಲ್ಲಿ ಜಾರುತ್ತದೆ ಎಂಬುದನ್ನು ಕಣ್ಣಾರೆ ಕಂಡವರಿಗೆ ಮಾತ್ರ ಕೊನೆಯ ಗಳಿಗೆಯ ಪುಟದಲ್ಲಿ ಎಲ್ಲಿ ನೋಡಬೇಕೆಂದು ತಿಳಿಯುತ್ತದೆ.

ಹೆಸರು, ಊರು, ನಿಧನ

ದೊಡ್ಡ ಪತ್ರಿಕೆಗಳಿಂದ ಬಂದವರು ನಮ್ಮ ನಿಧನ ವಾರ್ತೆಗಳ ಅಂಕಣವನ್ನು ಕೀಳಾಗಿ ಕಾಣುವುದುಂಟು. ಅದು ತಪ್ಪು. ‘ಮೂಲತಃ ಕಾಪುವಿನವರಾದ, ಭಾಂಡೂಪಿನಲ್ಲಿ ನೆಲೆಸಿದ್ದ’ ಎಂಬ ಎರಡು ವಿಶೇಷಣಗಳ ನಡುವೆ ಒಬ್ಬ ಮುಂಬಯಿ ಕನ್ನಡಿಗರ ಇಡೀ ಬದುಕು ಇರುತ್ತದೆ, ಮತ್ತು ಆ ಸಾಲನ್ನು ಎರಡು ಊರುಗಳ ಜನ ಓದುತ್ತಾರೆ. ಆದ್ದರಿಂದ ಮನೆತನದ ಹೆಸರು, ಊರಿನ ಹೆಸರು, ಮಕ್ಕಳ ಸಂಖ್ಯೆ ಇವನ್ನು ಫೋನಿನಲ್ಲಿ ಕೇಳಿ ಬರೆದುಕೊಂಡ ಮೇಲೆ ಮರಳಿ ಓದಿ ಹೇಳಿ. ಇಂಗ್ಲಿಷಿನಲ್ಲಿ ಬರೆದ ಹೆಸರನ್ನು ಕನ್ನಡಕ್ಕೆ ತರುವಾಗಲಂತೂ ಊಹಿಸಲೇಬಾರದು. ಬದುಕಿದ್ದವರ ಭಾವಚಿತ್ರವೊಂದು ನಿಧನ ವಾರ್ತೆಯ ಜೊತೆ ಅಚ್ಚಾಗಿ, ಮರುದಿನ ಅವರೇ ಕಚೇರಿಗೆ ಬಂದು ನನ್ನೆದುರು ಕೂತು ಚಹಾ ಕುಡಿದ ದಿನ ನಾನು ಕಲಿತದ್ದು ಯಾವ ತರಗತಿಯಲ್ಲೂ ಕಲಿಯಲಾಗುತ್ತಿರಲಿಲ್ಲ. ಪುಣ್ಯಕ್ಕೆ ಅವರು ನಕ್ಕರು.

ಮಳೆಗಾಲ ಸಾಂಸ್ಕೃತಿಕ ಪುಟದ ಪರೀಕ್ಷಾ ಕಾಲ. ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದ ಮೇಲೆ ಯಕ್ಷಗಾನದ ತಂಡಗಳು ಮುಂಬಯಿಗೆ ಬರುತ್ತವೆ, ದಿನಕ್ಕೆ ಎರಡು ಮೂರು ಕಡೆ ಆಟ ನಡೆಯುತ್ತದೆ, ಪ್ರತಿ ಆಟಕ್ಕೂ ಸನ್ಮಾನ, ಪ್ರತಿ ಸನ್ಮಾನಕ್ಕೂ ವೇದಿಕೆಯ ತುಂಬ ಹೆಸರುಗಳು. ಎಲ್ಲ ಹೆಸರನ್ನೂ ಹಾಕಿದರೆ ಪುಟ ದೂರವಾಣಿ ಡೈರೆಕ್ಟರಿಯಾಗುತ್ತದೆ, ಬಿಟ್ಟರೆ ಬಿಟ್ಟುಹೋದವರು ಮುನಿಸಿಕೊಳ್ಳುತ್ತಾರೆ. ನಾನು ಪಾಲಿಸಿದ ಕ್ರಮ ಹೀಗಿತ್ತು: ಚಿತ್ರದ ಅಡಿಬರಹದಲ್ಲಿ ಹೆಸರುಗಳು, ವರದಿಯಲ್ಲಿ ಆಟ. ಯಾರ ಬಣ್ಣದ ವೇಷ ಹೇಗಿತ್ತು, ಭಾಗವತಿಕೆ ಹೇಗಿತ್ತು ಎಂದು ಎರಡು ಸಾಲು ಇಲ್ಲದ ಯಕ್ಷಗಾನದ ವರದಿಯನ್ನು ನಾನು ಮರಳಿ ಕಳುಹಿಸುತ್ತಿದ್ದೆ. ಮೊದಲ ವರ್ಷ ಬೈದರು, ಮೂರನೆಯ ವರ್ಷ ಕಲಾವಿದರೇ ಆ ಪುಟವನ್ನು ಕೇಳಿ ತರಿಸಿಕೊಳ್ಳತೊಡಗಿದರು.

ನೀರು ನುಗ್ಗಿದ ರಾತ್ರಿ

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ನಾನು ಆಗ ರಾತ್ರಿ ಪಾಳಿಯ ಮುಖ್ಯ ಉಪಸಂಪಾದಕ. ಮಧ್ಯಾಹ್ನವೇ ಕಚೇರಿಗೆ ಬಂದಿದ್ದ ನಾವಿಬ್ಬರು ಬಿಟ್ಟರೆ ಉಳಿದ ನಾಲ್ವರು ದಾರಿಯಲ್ಲೇ ಸಿಕ್ಕಿಬಿದ್ದಿದ್ದರು, ಮೊಬೈಲುಗಳು ಮೂಕವಾಗಿದ್ದವು, ಉಳಿದಿದ್ದ ಒಂದು ದೂರವಾಣಿಗೆ ಊರಿನಿಂದ ಕರೆಗಳ ಮೇಲೆ ಕರೆಗಳು ಬರುತ್ತಿದ್ದವು. ಯಾರೂ ಮಳೆ ಎಷ್ಟೆಂದು ಕೇಳಲಿಲ್ಲ. ನಮ್ಮ ಹುಡುಗ ಅಂಧೇರಿಯ ಹೋಟೆಲಿನಲ್ಲಿದ್ದಾನೆ, ಗೊತ್ತೇ ಎಂದು ಕೇಳಿದರು. ಆ ರಾತ್ರಿ ನನಗೆ ನಮ್ಮ ಪತ್ರಿಕೆ ಯಾರಿಗಾಗಿ ಎಂಬುದು ಸ್ಪಷ್ಟವಾಯಿತು. ಮುಖಪುಟದಿಂದ ರಾಜಕೀಯ ಸುದ್ದಿಗಳನ್ನೆಲ್ಲ ತೆಗೆದು, ಯಾವ ಮಾರ್ಗದಲ್ಲಿ ರೈಲು ಎಲ್ಲಿಯವರೆಗೆ ಓಡುತ್ತಿದೆ, ಯಾವ ಬಡಾವಣೆಗೆ ನೀರು ನುಗ್ಗಿದೆ, ಯಾವ ಶಾಲೆ ಮತ್ತು ಸಂಘದ ಭವನಗಳಲ್ಲಿ ಜನ ಆಶ್ರಯ ಪಡೆದಿದ್ದಾರೆ ಎಂಬಷ್ಟನ್ನೇ ಹಾಕಿದೆವು.

ಎರಡು ದಿನಗಳ ನಂತರ ಅಣೆಕಟ್ಟು ಒಡೆದಿದೆ ಎಂಬ ಗಾಳಿಸುದ್ದಿ ಹಬ್ಬಿ, ಜುಹುವಿನ ನೆಹರೂ ನಗರದಲ್ಲಿ ನೂಕುನುಗ್ಗಲಾಗಿ ಜನ ಸತ್ತರು. ಅದೇ ಗಾಳಿಸುದ್ದಿ ನಮ್ಮ ಕಚೇರಿಗೂ ಬಂದಿತ್ತು, ಹೇಳಿದವರು ನಂಬಿಗಸ್ತರೇ ಆಗಿದ್ದರು. ಆದ್ದರಿಂದ ವಿಪತ್ತಿನ ದಿನ ಸುದ್ದಿ ತಂದವರ ಮೇಲೆ ಎಷ್ಟೇ ವಿಶ್ವಾಸವಿರಲಿ, ನಿಮಗೆ ಹೇಳಿದವರು ಅದನ್ನು ಸ್ವತಃ ನೋಡಿದರೇ, ಅಥವಾ ಕೇಳಿದರೇ ಎಂಬ ಒಂದು ಪ್ರಶ್ನೆಯನ್ನು ಕೇಳದೆ ಪುಟ ಬಿಡಬೇಡಿ. ಸಾವಿನ ಸಂಖ್ಯೆಯ ಪಕ್ಕದಲ್ಲಿ ಅದನ್ನು ಯಾರು, ಎಷ್ಟು ಗಂಟೆಗೆ ಹೇಳಿದರೆಂದು ಬರೆಯುವ ಅಭ್ಯಾಸ ಇಟ್ಟುಕೊಂಡರೆ ಮರುದಿನದ ತಿದ್ದುಪಡಿಗೆ ನಾಚಬೇಕಾಗಿಲ್ಲ.

ಜಾಹೀರಾತು ಕೊಡುವವರು ಎದುರು ಮನೆಯವರಾದಾಗ

ನಮ್ಮ ಪತ್ರಿಕೆಗಳಿಗೆ ಜಾಹೀರಾತು ಕೊಡುವ ಹೋಟೆಲ್ ಉದ್ಯಮಿ, ಸಂಘದ ಅಧ್ಯಕ್ಷ, ಶಾಲೆಯ ಟ್ರಸ್ಟಿ ಮತ್ತು ಹೊಸದಾಗಿ ಬಂದಾಗ ನಿಮಗೆ ತಂಗಲು ಜಾಗ ಹುಡುಕಿಕೊಟ್ಟವರು ಅನೇಕ ವೇಳೆ ಒಬ್ಬರೇ ಆಗಿರುತ್ತಾರೆ. ಬೆಂಗಳೂರಿನ ಸಂಪಾದಕರಿಗೆ ಈ ಇಕ್ಕಟ್ಟು ಈ ಪ್ರಮಾಣದಲ್ಲಿಲ್ಲ. ಇದಕ್ಕೆ ನನಗೆ ಗೊತ್ತಿರುವ ಉಪಾಯಗಳು ಎರಡೇ. ಒಂದು, ಯಾವ ಸಂಘದ ಪದಾಧಿಕಾರಿಯೂ ಆಗಬೇಡಿ, ಸದಸ್ಯತ್ವದ ಚೀಟಿ ಸಾಕು. ನಾನು ಎರಡು ವರ್ಷ ಒಂದು ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯಾಗಿದ್ದೆ. ಆ ಅವಧಿಯಲ್ಲಿ ಅದರ ಚುನಾವಣೆಯ ಗಲಾಟೆಯ ಸುದ್ದಿ ನನ್ನ ಮೇಜಿನ ಮೇಲೆಯೇ ಬಾಡಿಹೋಯಿತು, ನನ್ನ ಕಿರಿಯರು ಅದನ್ನು ಗಮನಿಸಿದರು, ಅವರ ಮುಖ ನೋಡಿ ಬೈಯುವ ಅಧಿಕಾರವನ್ನು ನಾನು ಸ್ವಲ್ಪ ಕಾಲ ಕಳೆದುಕೊಂಡೆ. ಎರಡು, ದಾನಿಗಳಿಗೆ ಅಹಿತವಾದ ಸುದ್ದಿ ಇದ್ದರೆ ಅಚ್ಚಾಗುವ ಮೊದಲು ಸಂಪಾದಕರೇ ಫೋನು ಮಾಡಿ ಅವರ ಮಾತನ್ನು ಕೇಳಿ ಬರೆದುಕೊಳ್ಳಬೇಕು. ಆ ಕೆಲಸಕ್ಕೆ ವರದಿಗಾರರನ್ನು ಕಳುಹಿಸಬಾರದು. ಸಿಟ್ಟು ಬರುತ್ತದೆ, ಒಂದೆರಡು ತಿಂಗಳು ಜಾಹೀರಾತು ನಿಲ್ಲುತ್ತದೆ. ಆದರೆ ‘ನನ್ನನ್ನು ಕೇಳಲೇ ಇಲ್ಲ’ ಎಂಬ ಮಾತಿಗೆ ಎಡೆ ಇರುವುದಿಲ್ಲ.

ಕರ್ನಾಟಕ-ಮಹಾರಾಷ್ಟ್ರ ಗಡಿಯ ವಿಷಯಕ್ಕೆ ಬೇರೆಯೇ ಜಾಗರೂಕತೆ ಬೇಕು. 1966ರಲ್ಲಿ ನೇಮಕವಾದ ಮಹಾಜನ್ ಆಯೋಗ ಮರುವರ್ಷ ವರದಿ ಕೊಟ್ಟಿತು, ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದಾವೆ ಹೂಡಿತು. ಬೆಳಗಾವಿಯಲ್ಲಿ ಬಸ್ಸಿಗೆ ಮಸಿ ಬಳಿದ ದಿನ ಬೆಂಗಳೂರಿನ ಸುದ್ದಿಸಂಸ್ಥೆಯಿಂದ ಬರುವ ಪ್ರತಿಯಲ್ಲಿ ‘ಪುಂಡಾಟ’, ‘ಕಿಡಿಗೇಡಿಗಳು’ ಎಂಬ ಪದಗಳು ಸಿದ್ಧವಾಗಿಯೇ ಇರುತ್ತವೆ. ಮುಂಬಯಿಯ ಸಂಪಾದಕರು ಅವನ್ನು ತೆಗೆದು, ಯಾವ ಸಂಘಟನೆ, ಎಷ್ಟು ಜನ, ಏನು ಮಾಡಿದರು, ಪೊಲೀಸರು ಯಾರನ್ನು ವಶಕ್ಕೆ ಪಡೆದರು ಎಂಬುದನ್ನು ಉಳಿಸಬೇಕು. ಇದು ಅಂಜಿಕೆಯಲ್ಲ ಎಂದು ನನ್ನ ನಂಬಿಕೆ. ನಿಮ್ಮ ಓದುಗರು ಮರುದಿನ ಬೆಳಿಗ್ಗೆ ಐದಕ್ಕೆ ಕನ್ನಡ ಹೆಸರಿನ ಹೋಟೆಲಿನ ಶಟರ್ ಎತ್ತುವವರು. ಅವರಿಗೆ ಬೇಕಾದದ್ದು ಏನಾಯಿತೆಂಬ ಖಚಿತ ಮಾಹಿತಿ, ವಿಶೇಷಣಗಳಲ್ಲ. ಒಬ್ಬಿಬ್ಬರು ಮರಾಠಿ ಸಂಪಾದಕರ ದೂರವಾಣಿ ಸಂಖ್ಯೆ ನಿಮ್ಮ ಬಳಿ ಇರಲಿ, ಮತ್ತು ಗಲಾಟೆಯಿಲ್ಲದ ದಿನಗಳಲ್ಲಿಯೂ ಅವರೊಡನೆ ಮಾತನಾಡಿ.

ಹೊಣೆಯ ಸಾಲು

ಕೊನೆಯ ಪುಟದ ಅಡಿಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕ ಎಂದು ಸಣ್ಣಕ್ಷರದ ಸಾಲಿರುತ್ತದೆ. ಕುರ್ಚಿಗಿಂತ ಮೊದಲು ಆ ಸಾಲಿನ ಅರ್ಥ ತಿಳಿದಿರಲಿ. 1867ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಪ್ರಕಟವಾಗುವುದನ್ನು ಆಯುವ ಹೊಣೆ ಸಂಪಾದಕರದೆಂಬುದು ಹಳೆಯದರಲ್ಲೂ ಹೊಸದರಲ್ಲೂ ಒಂದೇ. ಮಾನಹಾನಿಯ ವಿಷಯ ಈಗ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿದೆ, ಎರಡು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಅತ್ಯಾಚಾರಕ್ಕೆ ಒಳಗಾದವರ ಗುರುತನ್ನು ಬಯಲು ಮಾಡುವುದನ್ನು 72ನೆಯ ಕಲಮು, ಮಕ್ಕಳ ವಿಷಯದಲ್ಲಿ ಪೋಕ್ಸೋ ಕಾಯ್ದೆಯ 23ನೆಯ ಕಲಮು ತಡೆಯುತ್ತವೆ. ಇಲ್ಲಿ ನಮ್ಮ ಒಳ್ಳೆಯ ರೂಢಿಯೇ ನಮ್ಮನ್ನು ಕೆಡವಬಹುದು. ನಿಧನ ವಾರ್ತೆಯಲ್ಲಿ ಊರು, ಬಡಾವಣೆ, ಸಮಾಜದ ಹೆಸರು ಬರೆದು ಪಳಗಿದ ಕೈ, ಅಪರಾಧ ವರದಿಯಲ್ಲೂ ‘ಮೂಲತಃ ಇಂಥ ಊರಿನ, ಇಂಥ ಕಡೆ ಹೋಟೆಲು ನಡೆಸುವವರ ಮಗಳು’ ಎಂದು ಬರೆದುಬಿಡುತ್ತದೆ. ಹೆಸರು ಹಾಕಿರುವುದಿಲ್ಲ, ಆದರೆ ನಮ್ಮಂಥ ಸಣ್ಣ ಸಮಾಜದಲ್ಲಿ ಅಷ್ಟು ಸಾಕು, ಸಂಜೆಯೊಳಗೆ ಎಲ್ಲರಿಗೂ ತಿಳಿದಿರುತ್ತದೆ. ಇಂಥ ಪ್ರತಿ ನನ್ನ ಮುಂದೆ ಬಂದಾಗ ನಾನು ಊರನ್ನೂ ವೃತ್ತಿಯನ್ನೂ ಮೊದಲು ಹೊಡೆದುಹಾಕಿ, ಆಮೇಲೆ ಉಳಿದದ್ದನ್ನು ಓದುತ್ತಿದ್ದೆ.

ಕುರ್ಚಿ ಬರುವ ರೀತಿ ಸಾಮಾನ್ಯವಾಗಿ ಸಪ್ಪೆಯಾಗಿರುತ್ತದೆ. ಹಿರಿಯರೊಬ್ಬರು ಅನಾರೋಗ್ಯದಿಂದ ರಜೆ ಹಾಕುತ್ತಾರೆ, ಇನ್ನೊಬ್ಬರು ಊರಿಗೆ ಮರಳುತ್ತಾರೆ, ಆಡಳಿತದವರು ‘ಸದ್ಯಕ್ಕೆ ನೀವು ನೋಡಿಕೊಳ್ಳಿ’ ಎನ್ನುತ್ತಾರೆ, ಆ ಸದ್ಯ ಮುಗಿಯುವುದೇ ಇಲ್ಲ. ಆ ದಿನಕ್ಕಾಗಿ ಕಾಯುವವರು ಸಂಪಾದಕೀಯ ಬರೆಯಲು ಹಾತೊರೆಯದೆ, ಓದುಗರ ಪತ್ರಗಳ ಅಂಕಣವನ್ನು ಒಂದು ವರ್ಷ ಕೇಳಿ ಪಡೆದು ನಡೆಸಿದರೆ ಒಳ್ಳೆಯದು. ಯಾವ ಬಡಾವಣೆಯಲ್ಲಿ ಏನು ಕುದಿಯುತ್ತಿದೆ ಎಂಬುದು ವರದಿಗಾರರಿಗಿಂತ ಮೊದಲು ಅಲ್ಲಿಗೆ ಬರುತ್ತದೆ.

ಈಗ ನನ್ನ ಬಳಿ ಕೆಲಸ ಕೇಳಿಕೊಂಡು ಬರುವವರ ಪದವಿ ಪತ್ರವನ್ನು ನಾನು ಆಮೇಲೆ ನೋಡುತ್ತೇನೆ. ಮೊದಲು ಅಂದಿನ ಮರಾಠಿ ಪತ್ರಿಕೆಯಿಂದ ಲೋಕಲ್ ರೈಲಿನ ಗೊಂದಲದ ಸುದ್ದಿಯೊಂದನ್ನು ಹರಿದು ಕೊಟ್ಟು, ಅರ್ಧ ಗಂಟೆಯಲ್ಲಿ ಕನ್ನಡಕ್ಕೆ ತನ್ನಿ ಎನ್ನುತ್ತೇನೆ. ‘ಪ್ರಯಾಣಿಕರು’ ಎಂದು ಬರೆದವರಿಗೆ ಡೆಸ್ಕಿನಲ್ಲಿ ಜಾಗ ಕೊಡುತ್ತೇನೆ. ‘ಪ್ರವಾಸಿಗರು’ ಎಂದು ಬರೆದವರನ್ನೂ ಕಳುಹಿಸಿಬಿಡುವುದಿಲ್ಲ; ಒಂದು ತಿಂಗಳ ರೈಲು ಪಾಸು ಮಾಡಿಸಿಕೊಟ್ಟು, ಬೆಳಗಿನ ವಿರಾರ್ ಲೋಕಲ್ಲಿನಲ್ಲಿ ಓಡಾಡಿ ಸುದ್ದಿ ತನ್ನಿ ಎನ್ನುತ್ತೇನೆ.